ರಾಯಚೂರಿನ ಕದನವೂ ಓದುಗನ ಪಕ್ಷವೂ

ದೇವದುರ್ಗ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ದಕ್ಷಿಣದಲ್ಲಿ ತುಂಗಭದ್ರೆ, ನಡುವೆ ರಾಯಚೂರು. ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದ ಈ ನೆಲಕ್ಕಾಗಿ ಕಾದಾಡಿದವರು ಹಲವರು. ಅದರ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಅವರವರ ಕಡೆಯವರೇ. ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನವು, ಕಾಕತೀಯರ ಅಧೀನನಾಗಿದ್ದ ಗೋರೆ ಗನ್ನಯ್ಯ ರೆಡ್ಡಿಯ ಮಂತ್ರಿ ವಿಠಲನಾಥನು ಆದವಾನಿ, ಮಾನುವ ಮೊದಲಾದ ದುರ್ಗಗಳನ್ನು ಗೆದ್ದು ಇಲ್ಲಿ ಕೋಟೆ ಕಟ್ಟಿಸಿದನೆಂದು ಸಾರುತ್ತದೆ. ಮಾನುವವೆಂದರೆ ಇಂದಿನ ಮಾನ್ವಿ. ಸೋತ ಮಾನ್ವಿಯವರು ಆ ಘಟನೆಯನ್ನು ಹೇಗೆ ಕಂಡರೆಂದು ತಿಳಿಸುವ ಮಾತು ಆ ಕಲ್ಲಿನಲ್ಲಿಲ್ಲ.

ಒಂದೇ ಪಕ್ಷದ ಮಾತು ಉಳಿದಲ್ಲಿ ಓದುಗನಿಗೆ ಆಯ್ಕೆಯಿಲ್ಲ. ಎರಡೂ ಪಕ್ಷಗಳ ಮಾತು ಉಳಿದಾಗ ಪರೀಕ್ಷೆ ನಡೆಯುವುದು ಬರಹಗಾರನದಷ್ಟೇ ಅಲ್ಲ, ಓದುಗನದೂ ಹೌದು. ಇದಕ್ಕೆ 1520ರ ರಾಯಚೂರಿನ ಕದನಕ್ಕಿಂತ ಒಳ್ಳೆಯ ನಿದರ್ಶನ ಕನ್ನಡನಾಡಿನಲ್ಲಿ ಸಿಕ್ಕುವುದು ಕಷ್ಟ. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ಈ ಯುದ್ಧಕ್ಕೆ ಮುಖ್ಯ ಆಕರಗಳು ಎರಡು. ಒಂದು, ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತ. ಇನ್ನೊಂದು, ಇಸ್ಮಾಯಿಲನ ಮರಿಮಗ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿದ್ದ ಫೆರಿಶ್ತಾ ಮುಂದಿನ ಶತಮಾನದ ಆರಂಭದಲ್ಲಿ ಪಾರಸಿಯಲ್ಲಿ ಬರೆದ ಇತಿಹಾಸ.

ಇವರಿಬ್ಬರ ಭಿನ್ನಾಭಿಪ್ರಾಯ ಚಿಕ್ಕದಲ್ಲ. ಯುದ್ಧಕ್ಕೆ ಮೊದಲು ರಾಯಚೂರು ಯಾರ ಕೈಯಲ್ಲಿತ್ತೆಂಬ ಮೂಲಸಂಗತಿಯಲ್ಲಿಯೇ ಇಬ್ಬರೂ ಬೇರೆ ಬೇರೆ. ನೂನಿಜ್‌ನ ಪ್ರಕಾರ ಅದು ಆದಿಲಶಾಹನದು. ರಾಯನು ದಂಡೆತ್ತಿ ಹೋಗಿ ಮುತ್ತಿದನು. ಕುದುರೆ ಕೊಳ್ಳಲು ಕೊಟ್ಟ ಹಣದೊಡನೆ ಓಡಿಹೋದ ವರ್ತಕನೊಬ್ಬನಿಗೆ ಬಿಜಾಪುರ ಆಶ್ರಯ ಕೊಟ್ಟದ್ದು ನೆಪವಾಯಿತು. ಫೆರಿಶ್ತಾನ ಪ್ರಕಾರ ರಾಯಚೂರು, ಮುದಗಲ್ಲುಗಳು ರಾಯನ ವಶದಲ್ಲಿದ್ದವು. ಕಳೆದುಹೋದದ್ದನ್ನು ಮರಳಿ ಪಡೆಯಲು ಸುಲ್ತಾನನು ಹೊರಟನು. ಒಬ್ಬನ ಬರಹದಲ್ಲಿ ಆಕ್ರಮಣಕಾರನಾದವನು ಇನ್ನೊಬ್ಬನಲ್ಲಿ ತನ್ನ ಸ್ವತ್ತನ್ನು ಕಾಯುವವನು.

ಇನ್ನು ಸಂಖ್ಯೆಗಳು. ನೂನಿಜ್ ಕೊಡುವ ಪಟ್ಟಿಯನ್ನು ಕೂಡಿಸಿದರೆ ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆಗಳಾಗುತ್ತವೆ. ಅಷ್ಟು ಜನರಿಗೆ ವೈಶಾಖದ ಬಿಸಿಲಿನಲ್ಲಿ ಈ ಒಣನೆಲ ನೀರು ಒದಗಿಸಿದ ಬಗೆ ಹೇಗೆಂದು ನಮ್ಮ ಜನಪ್ರಿಯ ಬರಹಗಳು ಕೇಳಿದ್ದು ಅಪರೂಪ. ವಿಚಿತ್ರವೆಂದರೆ ರಾಯನ ಕುದುರೆಗಳನ್ನು ಫೆರಿಶ್ತಾ ಇನ್ನೂ ಹೆಚ್ಚಿಸುತ್ತಾನೆ: ಕನಿಷ್ಠ 50,000. ಸುಲ್ತಾನನ ಬಳಿ ಇದ್ದವು 7,000 ಮಾತ್ರ ಎಂಬುದು ಅವನ ಮುಂದಿನ ವಾಕ್ಯ. ಉತ್ಪ್ರೇಕ್ಷೆ ಎರಡೂ ಕಡೆ ಇದ್ದೀತು, ಪ್ರಯೋಜನ ಮಾತ್ರ ಬೇರೆ. ಒಂದು ಗೆಲುವನ್ನು ಭವ್ಯವಾಗಿಸುತ್ತದೆ, ಇನ್ನೊಂದು ಸೋಲನ್ನು ಸಹ್ಯವಾಗಿಸುತ್ತದೆ.

ಕುತೂಹಲದ ಸಂಗತಿಯೆಂದರೆ ಕನ್ನಡದ ಅಭಿಮಾನಿ ಓದುಗರು ಈ ಆಕರಗಳನ್ನು ಬಳಸುವ ರೀತಿ. ಏಳು ಲಕ್ಷ ಕಾಲಾಳಿನ ಮಾತು ಬಂದಾಗ ನೂನಿಜ್ ಪ್ರತ್ಯಕ್ಷದರ್ಶಿಯಂತೆ ಪ್ರಮಾಣನಾಗುತ್ತಾನೆ. ಅದೇ ನೂನಿಜ್, ಕೋಟೆ ಬೀಳಲು ತನ್ನ ನಾಡಿನವನಾದ ಫಿಗರೆದೊ ಮತ್ತು ಅವನ ಬಂದೂಕುಧಾರಿಗಳು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಕೆಡವಿದ್ದೇ ಕಾರಣವೆಂದಾಗ, ಅದು ಪೋರ್ಚುಗೀಸನ ಸ್ವದೇಶಾಭಿಮಾನವೆಂದು ತೋರುತ್ತದೆ. ಫೆರಿಶ್ತಾ ಬಿಜಾಪುರದ ಆಸ್ಥಾನಿಕನೆಂದು ತಳ್ಳಿಹಾಕಲ್ಪಡುತ್ತಾನೆ. ಆದರೆ ಇಸ್ಮಾಯಿಲನು ಕುಡಿದ ಅಮಲಿನಲ್ಲಿ ಕೃಷ್ಣೆಯನ್ನು ದಾಟಲು ಆತುರಪಟ್ಟನೆಂದು ಅವನೇ ಬರೆದಾಗ ಯಾರೂ ಸಂದೇಹಪಡುವುದಿಲ್ಲ. ಬಿಜಾಪುರದ ಕಡೆಗೆ ಒಲಿದ ಓದುಗರಾದರೆ ಇದೇ ಆಟವನ್ನು ತಿರುವುಮುರುವಾಗಿ ಆಡುತ್ತಾರೆ. ಇಲ್ಲಿ ಆಕರವನ್ನು ತೂಗುತ್ತಿಲ್ಲ. ತನಗೆ ಬೇಕಾದ ವಾಕ್ಯವನ್ನು ಆರಿಸಿಕೊಂಡು ಅದಕ್ಕೆ ಸಾಕ್ಷಿಯೆಂಬ ಹೆಸರಿಡಲಾಗುತ್ತಿದೆ.

ತನ್ನ ಪಕ್ಷದ ವಿರುದ್ಧ ಸಾಕ್ಷಿ ಹೇಳಿದ ಮಾತು ನಂಬಲರ್ಹವೆಂಬ ಸೂತ್ರವನ್ನು ವಿದ್ಯಾರ್ಥಿಗಳಿಗೆ ಕಲಿಸುವುದುಂಟು. ಅದು ಉಪಯುಕ್ತವಾದರೂ ಸಾಲದು. ಸುಲ್ತಾನನ ಕುಡಿತವನ್ನು ಒಪ್ಪಿಕೊಳ್ಳುವ ಮೂಲಕ ಫೆರಿಶ್ತಾ ಸೈನ್ಯದ ಶೌರ್ಯವನ್ನು ಕಾಪಾಡುತ್ತಾನೆ. ಸೋತದ್ದು ಒಂದು ರಾತ್ರಿಯ ಮದ್ಯ, ಬಿಜಾಪುರವಲ್ಲ. ಒಪ್ಪಿಗೆಯೂ ಒಂದು ವಕಾಲತ್ತು ಆಗಬಲ್ಲದು.

ಹಾಗಾದರೆ ಯಾರನ್ನೂ ನಂಬುವಂತಿಲ್ಲವೆಂಬ ನಿರಾಶೆಗೆ ಇಲ್ಲಿ ಎಡೆಯಿಲ್ಲ. ಕದನದ ದಿನವನ್ನು ನಿರ್ಣಯಿಸಿದ ಕ್ರಮವೇ ಇದಕ್ಕೆ ಉತ್ತರ. ನೂನಿಜ್ 1522ರ ಮೇ ತಿಂಗಳೆಂದು ಬರೆದ. ಫೆರಿಶ್ತಾ ಹಿಜರಿ 927 ಎಂದ. ಆ ಹಿಜರಿ ವರ್ಷ ಮೊದಲಾದದ್ದೇ 1520ರ ಡಿಸೆಂಬರಿನಲ್ಲಿ. ಆದರೆ ನೂನಿಜ್ ಇನ್ನೊಂದು ವಿವರವನ್ನೂ ಕೊಟ್ಟಿದ್ದ: ಅಂದು ಶನಿವಾರ, ಅಮಾವಾಸ್ಯೆ. 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದ ರಾಬರ್ಟ್ ಸೀವೆಲ್ ಈ ಎರಡು ಲಕ್ಷಣಗಳನ್ನು ಹಿಡಿದು ಲೆಕ್ಕಹಾಕಿ, ಅವು ಕೂಡುವುದು 1520ರ ಮೇ 19ರಂದು ಎಂದು ತೋರಿಸಿದನು. ಒಟ್ಟು ಯುದ್ಧದ ವಿಷಯದಲ್ಲಿ ಸೀವೆಲ್ ನೂನಿಜ್‌ನನ್ನೇ ಹೆಚ್ಚು ನೆಚ್ಚಿದವನು, ಏಕೆಂದರೆ ನೂನಿಜ್ ಘಟನೆಗೆ ಹತ್ತಿರದವನು. ಆದರೂ ನೆಚ್ಚಿದ ಸಾಕ್ಷಿ ಕೊಟ್ಟ ವರ್ಷವನ್ನು ಅದೇ ಸಾಕ್ಷಿಯ ವಾರ, ತಿಥಿಗಳಿಂದಲೇ ತಿದ್ದಲು ಅವನು ಹಿಂಜರಿಯಲಿಲ್ಲ. ಕೃಷ್ಣದೇವರಾಯನ ಗೆಲುವು ಇದರಿಂದ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಏಳು ಲಕ್ಷ ಕಾಲಾಳಿನ ಲೆಕ್ಕಕ್ಕೆ ಅಂಥದೇ ಪರಿಶೀಲನೆಯನ್ನು ರಾಯಚೂರಿನ ಬಾವಿ, ಹಳ್ಳ, ಹೊಳೆದಾರಿಗಳನ್ನು ಬಲ್ಲ ಸಂಶೋಧಕರೊಬ್ಬರು ಕೈಗೊಳ್ಳಬೇಕಾಗಿದೆ.