ಸಸಿ ಬೇಡ, ಜಾಗದ ಕಾಗದ ಕೊಡಿ

ಪ್ರತಿ ವರ್ಷ ಜೂನ್ 5 ಬಂತೆಂದರೆ ನಮ್ಮ ಊರುಗಳಲ್ಲಿ ಗುಂಡಿ ತೋಡಿ ಸಸಿ ನೆಡುವ ಸಂಭ್ರಮ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಸಸಿ ಎರಡು ವಾರದಲ್ಲಿ ಒಣಗುತ್ತದೆ, ಇಲ್ಲವೇ ಮೇಕೆಯ ಪಾಲಾಗುತ್ತದೆ. ಈಗ ಅದೇ ಉತ್ಸಾಹದಲ್ಲಿ ‘ನಗರ ಕೃಷಿ’ಯ ಮಾತು ಕೇಳಿಬರುತ್ತಿದೆ. ಬೆಂಗಳೂರಿನ ತಾರಸಿಗಳಲ್ಲಿ ಟೊಮೆಟೊ ಬೆಳೆಯುವವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ತಗಡಿನ ಸೂರಿನ ಕೇರಿಗಳಿಗೆ ತಾರಸಿಯೇ ಇಲ್ಲ. ಅಲ್ಲಿ ಇದು ಹೊತ್ತು ಕಳೆಯುವ ಹವ್ಯಾಸವಾಗಲಾರದು. ಇದು ಅನ್ನದ ಪ್ರಶ್ನೆ.

ಈ ಕೇರಿಗಳಲ್ಲಿರುವವರು ಯಾರು? ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಶೇಂಗಾ ಹೊಲ ಬಿಟ್ಟು ಬಂದವರು. ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬರುವವರು. ಹತ್ತಿಯ ಕಸುಬು ಕಳೆದುಕೊಂಡ ಪಿಂಜಾರರು. ಹೆಸರಿನಲ್ಲೇ ತೋಟ ಹೊತ್ತಿದ್ದರೂ ಗೇಣು ತೋಟವಿಲ್ಲದೆ, ತಳ್ಳುಗಾಡಿಯಲ್ಲಿ ಬೇರೆಯವರ ಬೆಳೆ ಮಾರುವ ಬಾಗವಾನರು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಆಮೇಲೆ 371(ಜೆ) ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯೂ ಬಂತು. ನಾಮಫಲಕಗಳು ಬದಲಾದವು. ಕೇರಿಗಳು ಎಷ್ಟು ಬದಲಾದವು?

ಈ ಜನರಿಗೆ ಬೇಸಾಯ ಕಲಿಸಲು ತರಬೇತಿ ಶಿಬಿರ ನಡೆಸುವುದು ಮೀನಿಗೆ ಈಜು ಕಲಿಸಿದಂತೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನೇ ನೋಡಿ. ತುಂಡು ನೆಲದಲ್ಲೂ ಅದು ಬೆಳೆಯುತ್ತದೆ, ಮನೆಮಂದಿಯ ಕೈಗೆಲ್ಲ ಕೆಲಸ ಕೊಡುತ್ತದೆ. ಕೊರತೆ ಇರುವುದು ಜಾಗದ್ದು, ನೀರಿನದು.

ಜಾಗ ಎಲ್ಲಿದೆ ಎನ್ನುತ್ತೀರಾ? ಬಡಾವಣೆ ಮಾಡುವಾಗ ಉದ್ಯಾನಕ್ಕೆಂದು ಜಾಗ ಬಿಡಬೇಕೆಂಬುದು ನಿಯಮ. ಅದನ್ನು ಕಾಪಾಡಲು 1985ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಆದರೂ ಆ ‘ಉದ್ಯಾನ’ಗಳಲ್ಲಿ ಬೆಳೆದಿರುವುದು ಬಳ್ಳಾರಿ ಜಾಲಿ, ಮೇಯುತ್ತಿರುವುದು ಹಂದಿ. ಅದರ ಒಂದು ಭಾಗದಲ್ಲಿ ಸೊಪ್ಪು, ನುಗ್ಗೆ, ಕರಿಬೇವು, ಮಲ್ಲಿಗೆ ಬೆಳೆಯಲು ಕೇರಿಯ ಮಹಿಳಾ ಸಂಘಗಳಿಗೆ ಹತ್ತು ವರ್ಷದ ಲಿಖಿತ ಕರಾರು ಕೊಡಲಿ. ಬಾಯಿಮಾತಿನ ಅನುಮತಿ ಬೇಡ. ಮೂರು ವರ್ಷ ಗೊಬ್ಬರ ಹೊತ್ತು ಕೆಂಪು ನೆಲವನ್ನು ಬಡವರು ಹದ ಮಾಡಬೇಕು, ಜಾಗಕ್ಕೆ ಬೆಲೆ ಬಂದ ದಿನ ಬೇರೊಬ್ಬರು ಬೇಲಿ ಹಾಕಬೇಕು — ಈ ಆಟ ನಮಗೆ ಹೊಸದಲ್ಲ.

ಕುಡಿಯಲೇ ನೀರಿಲ್ಲದ ಊರಲ್ಲಿ ತೋಟವೇ ಎಂಬ ಆಕ್ಷೇಪ ನ್ಯಾಯವಾದದ್ದು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿ ಎಂದು ನಾವು ಹೇಳುವುದಿಲ್ಲ. ಆದರೆ ಮಸೀದಿಯಲ್ಲಿ ದಿನಕ್ಕೆ ಐದು ಹೊತ್ತು ವುಝೂ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಸೋಪೂ ಇಲ್ಲ. ದೇವಸ್ಥಾನದ ದಾಸೋಹದಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಎಲ್ಲಿಗೆ? ಎರಡೂ ಒಂದೇ ಚರಂಡಿ ಸೇರುತ್ತವೆ. ಮನುಷ್ಯರು ಮಾತ್ರ ಸೇರಬಾರದೆಂದು ಬೋಧಿಸುವವರಿದ್ದಾರೆ! ಈ ನೀರನ್ನು ಚರಂಡಿಗೆ ಬೀಳುವ ಮೊದಲೇ ತಿರುಗಿಸಿ, ಮರಳು-ಜಲ್ಲಿಯ ಗುಂಡಿಯಲ್ಲಿ ಸೋಸಿ ಹರಿಸಬಹುದು. ಕಕ್ಕಸಿನ ನೀರು ಬೆರೆತ ಚರಂಡಿಯ ಪಕ್ಕ ಸೊಪ್ಪು ಬೆಳೆಸಿ ರೋಗ ಹಂಚುವುದು ಮಾತ್ರ ಬೇಡವೇ ಬೇಡ.

ಕೂಲಿಯ ಮಾತೂ ಇದೆ. 2005ರ ಉದ್ಯೋಗ ಖಾತರಿ ಕಾನೂನು ಹಳ್ಳಿಗಷ್ಟೇ ಎಂದು ಪಟ್ಟಣದ ಬಡವನನ್ನು ಹೊರಗಿಟ್ಟಿತು. ನೆರೆಯ ಕೇರಳ 2010ರಲ್ಲೇ ಅಯ್ಯಂಕಾಳಿಯ ಹೆಸರಿನಲ್ಲಿ ನಗರ ಉದ್ಯೋಗ ಖಾತರಿ ತಂದಿತು. ನಮಗೇಕೆ ಆಗದು? 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಎಣ್ಣೆ, ಗೊಬ್ಬರ ನಿಂತಾಗ ಕ್ಯೂಬಾ ತನ್ನ ಹವಾನಾ ನಗರದ ಖಾಲಿ ಜಾಗಗಳನ್ನು ಉಳುವವರ ಬಳಕೆಗೆ ಬಿಟ್ಟುಕೊಟ್ಟಿತು. ಆ ದೇಶದ ಹಸಿವೆಲ್ಲ ಅದರಿಂದ ನೀಗಲಿಲ್ಲ ನಿಜ. ಆದರೆ ನೆರೆಹೊರೆಗೆ ತಾಜಾ ತರಕಾರಿ ಸಿಕ್ಕಿತು, ಜನರಿಗೆ ಕೆಲಸ ಸಿಕ್ಕಿತು.

ನಾಲ್ಕು ಮಡಿ ಸೊಪ್ಪಿನಿಂದ ಗುಳೆ ನಿಲ್ಲುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ಗುಳೆ ಹೋಗದೆ ಮಕ್ಕಳೊಂದಿಗೆ ಉಳಿದ ತಾಯಿಯ ಒಲೆಯ ಮೇಲೆ ದಿನವೂ ಸೊಪ್ಪಿನ ಸಾರು ಕುದಿಯುವುದು ಸಣ್ಣ ಸಂಗತಿಯಲ್ಲ. ಆದ್ದರಿಂದ ಪುರಸಭೆ, ಪಟ್ಟಣ ಪಂಚಾಯಿತಿಗಳ ಸದಸ್ಯರಲ್ಲಿ ನಮ್ಮದೊಂದೇ ಕೇಳಿಕೆ: ಬರುವ ಜೂನ್ 5ರಂದು ನಮ್ಮ ಕೇರಿಗೆ ಸಸಿ ಹಿಡಿದು ಬರಬೇಡಿ. ಕರಾರಿನ ಕಾಗದ ಹಿಡಿದು ಬನ್ನಿ. ಸಸಿ ನಾವೇ ನೆಡುತ್ತೇವೆ.