ಮುಂಗುಸಿಯ ಬಾಲವೂ ಪ್ರವಾಸಿಯ ಕುಂಚವೂ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣದ ವಿದ್ಯಾವಂತರಲ್ಲಿ ಒಂದು ಒಳ್ಳೆಯ ಹವ್ಯಾಸ ಬೆಳೆಯುತ್ತಿದೆ. ಅದರ ಬೆನ್ನಿಗೇ ಒಂದು ಕೆಟ್ಟ ಚಾಳಿಯೂ ಬೆಳೆಯುತ್ತಿದೆ. ಹವ್ಯಾಸವೆಂದರೆ, ಪ್ರವಾಸ ಹೋದಲ್ಲಿ ಕುಳಿತು ಜಲವರ್ಣದಲ್ಲಿ ಚಿತ್ರ ಬರೆಯುವುದು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ, ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ, ಶಿವಗಂಗೆಯ ತಪ್ಪಲಿನಲ್ಲಿ, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬಣ್ಣ ಹಚ್ಚುತ್ತಿರುವ ಒಬ್ಬಿಬ್ಬರನ್ನಾದರೂ ಭಾನುವಾರಗಳಲ್ಲಿ ಕಾಣಬಹುದು. ಕಂಡದ್ದನ್ನೆಲ್ಲ ಕ್ಷಣದಲ್ಲಿ ಫೋಟೋ ಹಿಡಿದು ಮರುಕ್ಷಣದಲ್ಲಿ ಮರೆಯುವ ಈ ಕಾಲದಲ್ಲಿ, ಒಂದು ಮಂಟಪವನ್ನು ಒಂದು ಗಂಟೆ ನೋಡುತ್ತ ಕೂರುವವನು ನಮಸ್ಕಾರಕ್ಕೆ ಯೋಗ್ಯನಾದವನು. ಇನ್ನು ಚಾಳಿಯೆಂದರೆ, ಈ ಕೆಲಸಕ್ಕೆ ಪ್ರಾಣಿಯ ಕೂದಲಿನ ಕುಂಚವೇ ಬೇಕು, ಆದಷ್ಟೂ ಅದು ಹೊರದೇಶದ್ದಾಗಿರಬೇಕು, ಬೆಲೆ ಕೇಳಿದವರ ಎದೆ ಝಲ್ಲೆನ್ನಬೇಕು ಎಂಬ ಮೂಢನಂಬಿಕೆ. ಆ ನಂಬಿಕೆಯ ಮೇಲೆ ಲಗ್ಗೆ ಹಾಕುವುದೇ ನನ್ನ ಉದ್ದೇಶ. ಲಗ್ಗೆರೆಯ ನಿವಾಸಿಗೆ ಅಷ್ಟು ಹಕ್ಕು ಇರಬೇಕಷ್ಟೆ!

ನಾನು ಚಿತ್ರಕಾರನಲ್ಲ; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನಮ್ಮ ಲಗ್ಗೆರೆಯೂ ಕಲೆಗೆ ಹೆಸರಾದ ಊರಲ್ಲ. ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಹೊರವರ್ತುಲ ರಸ್ತೆಯ ಲಾರಿಗಳು. ನಡುವೆ ಲೇತು, ಡ್ರಿಲ್ಲಿಂಗು, ಹೊಲಿಗೆಯಂತ್ರಗಳ ಮುಂದೆ ದುಡಿಯುವವರ ಮನೆಗಳು. ಆದರೂ ಗೊರಗುಂಟೆಪಾಳ್ಯಕ್ಕೆ ಹೋಗಿ ತುಮಕೂರು ಕಡೆಯ ಬಸ್ಸು ಹತ್ತಿದರೆ ಹೊತ್ತೇರುವ ಮೊದಲೇ ಬೆಟ್ಟ, ಬಯಲು, ಕೆರೆ ಎಲ್ಲ ಕಣ್ಣಿಗೆ ಬೀಳುತ್ತವೆ. ನನ್ನ ಚೀಲದಲ್ಲಿ ಅಂಗೈಯಗಲದ ಬಣ್ಣದ ಪೆಟ್ಟಿಗೆಯೂ ಮೂರು ಕುಂಚಗಳೂ ಇರುತ್ತವೆ. ಈ ಮೂರು ಕುಂಚಗಳ ಬಲದಿಂದಲೇ ನಾನು ಮಾತನಾಡುತ್ತಿರುವುದು.

ಮೊದಲು ಹೆಸರುಗಳ ಗುಟ್ಟನ್ನು ನೋಡೋಣ. ಅದು ನಮ್ಮ ಕಸುಬು. ಅಂಗಡಿಯಲ್ಲಿ ‘ಕ್ಯಾಮೆಲ್ ಹೇರ್’ ಎಂದು ಮಾರುವ ಕುಂಚದಲ್ಲಿ ಒಂಟೆಯ ಒಂದು ಕೂದಲೂ ಇರುವುದಿಲ್ಲ. ಅಳಿಲು, ಮೇಕೆ, ಕುದುರೆ, ಅಥವಾ ಇವೆಲ್ಲದರ ಬೆರಕೆಗೆ ಆ ಹೆಸರು. ‘ಕೊಲಿನ್ಸ್ಕಿ ಸೇಬಲ್’ ಎಂಬ ಘನವಾದ ಹೆಸರಿನ ಕುಂಚದಲ್ಲಿ ಸೇಬಲ್ ಎಂಬ ಪ್ರಾಣಿ ಇಲ್ಲ. ಅದು ಸೈಬೀರಿಯ, ಚೀನ ಮೊದಲಾದ ಸೀಮೆಗಳ ಒಂದು ಜಾತಿಯ ವೀಸಲ್ ಪ್ರಾಣಿಯ ಬಾಲದ ಕೂದಲು. ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ತನ್ನ ಏಳನೆಯ ಶ್ರೇಣಿಯ ಕುಂಚಗಳು 1866ರಲ್ಲಿ ವಿಕ್ಟೋರಿಯಾ ರಾಣಿಯ ಅಪ್ಪಣೆಯಂತೆ ತಯಾರಾದವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ರಾಣಿಗೆ ಸಲ್ಲಿಸಿದ ಕುಂಚಕ್ಕೆ ದಂತದ ಹಿಡಿ, ಬೆಳ್ಳಿಯ ಬಳೆ ಇದ್ದವಂತೆ. ರಾಣಿಯವರಿಗೆ ಒಪ್ಪಬಹುದಾದ ವೈಭವ ಅದು. ಕೆಂಪು ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿಗಾಗಿ ಟವಲು ಎಸೆಯುವ ನಮಗೇಕೆ? ಅಲ್ಲದೆ, ಹಿಮಾಲಯದಲ್ಲಿಯೂ ವಾಸಿಸುವ ಈ ಪ್ರಾಣಿಯನ್ನು ವನ್ಯಜೀವಿ ವ್ಯಾಪಾರ ಕುರಿತ 1973ರ ಅಂತರರಾಷ್ಟ್ರೀಯ ಒಪ್ಪಂದದ ಮೂರನೆಯ ಅನುಬಂಧಕ್ಕೆ ಸೇರಿಸಿದ ದೇಶ ನಮ್ಮದೇ. ಅಲ್ಲಿ ರಕ್ಷಣೆ ಬೇಡಿ ಸಹಿ ಹಾಕುವವರು ನಾವು. ಇಲ್ಲಿ ಬಾಲ ಕೊಳ್ಳುವವರೂ ನಾವು!

ಸೈಬೀರಿಯ ದೂರದ ಮಾತಾಯಿತು. ಮನೆಯ ಹಿತ್ತಲಿಗೆ ಬರೋಣ. ನಮ್ಮ ಬಡಾವಣೆಯ ಖಾಲಿ ನಿವೇಶನಗಳಲ್ಲಿ ಇಂದಿಗೂ ಮುಂಗುಸಿ ಸುಳಿಯುವುದುಂಟು. ಪಂಚತಂತ್ರದ ಮುಂಗುಸಿಯ ಕಥೆ ಕೇಳದೆ ಬೆಳೆದ ಕನ್ನಡದ ಮಗು ಯಾವುದು? ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ, ಬಾಯಿಗೆ ಹತ್ತಿದ ರಕ್ತದೊಡನೆ ಬಾಗಿಲಲ್ಲಿ ಕಾದು ನಿಂತದ್ದನ್ನು ತಾಯಿ ತಪ್ಪು ತಿಳಿದು ಕೊಂದಳೆಂದು ಕೇಳಿ ನಾವೆಲ್ಲ ಅತ್ತವರೇ. ಆ ತಾಯಿ ತಿಳಿಯದೆ ಕೊಂದಳು, ತಿಳಿದ ಮೇಲೆ ಗೋಳಾಡಿದಳು. ನಾವು ತಿಳಿದೂ ಕೊಲ್ಲಿಸುತ್ತಿದ್ದೇವೆ. ಬಿರುಸಾಗಿಯೂ ಮೊನಚಾಗಿಯೂ ಇರುವ ಮುಂಗುಸಿಯ ಕೂದಲು ಕುಂಚಕ್ಕೆ ಹೇಳಿಸಿದ್ದು ಎಂಬ ಒಂದೇ ಕಾರಣಕ್ಕೆ ಅದರ ಬೇಟೆ ನಡೆಯುತ್ತದೆ. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿಗಳು ಸಾಯಬೇಕೆಂದು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯ ಸಂಸ್ಥೆಯ ಲೆಕ್ಕ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಂಗುಸಿಯನ್ನು ಕೊಲ್ಲುವುದೂ ಅದರ ಕೂದಲನ್ನು ಮಾರುವುದೂ ಅಪರಾಧ. ಕುಂಚ ತಯಾರಿಕೆಗೆ ಹೆಸರಾದ ಊರು ಉತ್ತರ ಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್. 2019ರಲ್ಲಿ ಕೇಂದ್ರ ಸರ್ಕಾರದ ವನ್ಯಜೀವಿ ಅಪರಾಧ ನಿಯಂತ್ರಣ ಮಂಡಳಿ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ದಾಳಿ ನಡೆಸಿದಾಗ 50,000ಕ್ಕೂ ಹೆಚ್ಚು ಕುಂಚಗಳೂ 100 ಕಿಲೋಗೂ ಮೀರಿದ ಕೂದಲೂ ಸಿಕ್ಕಿದವು. ಮೇಲಿನ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿದರೆ, ಬರಿಯ ಕೂದಲೇ ಸುಮಾರು 5,000 ಮುಂಗುಸಿಗಳ ಪ್ರಾಣ! ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಜನ್ನನ ಯಶೋಧರ ಜನ್ಮಜನ್ಮಾಂತರ ಅಲೆದನೆಂದು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಇಲ್ಲಿರುವುದು ಹಿಟ್ಟಿನ ಪ್ರಾಣಿಯಲ್ಲ.

“ಇದು ನಮ್ಮ ಸಂಪ್ರದಾಯವಲ್ಲವೆ? ಮೈಸೂರು ಶೈಲಿಯ ಚಿತ್ರಗಾರರು ಅಳಿಲಿನ ಕೂದಲಿನಿಂದ ಬರೆಯಲಿಲ್ಲವೆ?” ಎಂದು ಕೇಳುವವರಿದ್ದಾರೆ. ಬರೆದರು, ನಿಜ. ಆದರೆ ಅವರು ತಮ್ಮ ಕುಂಚವನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಬೇಕಾದದ್ದು ಕೆಲವು ಎಳೆ. ಕಿಲೋಗಟ್ಟಲೆ ಕೂದಲು ಮೂಟೆಯಲ್ಲಿ ಸಾಗುವ ಇಂದಿನ ವ್ಯಾಪಾರಕ್ಕೆ ಅವರ ಹೆಸರನ್ನು ಮುಂದೊಡ್ಡುವುದು ನ್ಯಾಯವಲ್ಲ. ಬಲು ಸೂಕ್ಷ್ಮವಾದ ಗೆರೆಗೆ ಅದೇ ಚಿತ್ರಗಾರರು ಒಂದು ಬಗೆಯ ಹುಲ್ಲಿನ ಮೊನಚಾದ ಎಸಳನ್ನು ಬಳಸುತ್ತಿದ್ದರೆಂಬುದನ್ನು ಸಂಪ್ರದಾಯವಾದಿಗಳು ಏಕೆ ಹೇಳುವುದಿಲ್ಲ? ಸಂಪ್ರದಾಯ ಬೇಕಾದವರು ಒಂದು ಮಾತನ್ನು ನೆನೆಯಲಿ: ನಮ್ಮ ಹಳಗನ್ನಡದ ಜೈನ ಗ್ರಂಥಗಳಲ್ಲಿ ‘ಕುಂಚ’ವೆಂದರೆ ಋಷಿಯ ಕೈಯಲ್ಲಿರುವ ನವಿಲುಗರಿಯ ಕಟ್ಟು. ಕೂರುವ ಮುನ್ನ ನೆಲದ ಕ್ರಿಮಿಕೀಟಗಳನ್ನು ನೋಯಿಸದೆ ಮೆಲ್ಲನೆ ಸರಿಸುವುದಕ್ಕೆ ಅದು. ನವಿಲು ತಾನಾಗಿ ಉದುರಿಸಿದ ಗರಿಯಿಂದ ಕಟ್ಟಿದ ಅಹಿಂಸೆಯ ಉಪಕರಣಕ್ಕೆ ಇದ್ದ ಹೆಸರು, ಇಂದು ಪ್ರಾಣಿವಧೆಯ ಸರಕಿಗೆ ಅಂಟಿದೆ. ಭಾಷೆ ಕಲಿಸುವವನಿಗೆ ಇದಕ್ಕಿಂತ ಹೆಚ್ಚಿನ ಸಂಕಟವುಂಟೆ?

ಧರ್ಮದ ಮಾತು ಸಾಕು, ಗುಣದ ಮಾತಿಗೆ ಬನ್ನಿ ಎನ್ನುತ್ತೀರಿ, ಬರುತ್ತೇನೆ. ಪ್ರಾಣಿಯ ಕೂದಲಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಹೊರಪೆಗಳಿರುವುದರಿಂದ ಅದು ಹೆಚ್ಚು ನೀರನ್ನು ಹಿಡಿದಿಡುತ್ತದೆ; ಹಿಡಿದ ನೀರನ್ನು ಹದವಾಗಿ ಬಿಟ್ಟುಕೊಡುತ್ತದೆ. ಸಾದಾ ನೈಲಾನ್ ಎಳೆ ನುಣುಪು. ನೀರನ್ನು ಕಡಿಮೆ ಹಿಡಿದು ಬೇಗ ಸುರಿಸುತ್ತದೆ. ಬಹಳ ಕಾಲದ ಬಳಕೆಯಲ್ಲಿ ಅದರ ತುದಿ ಕೊಕ್ಕೆಯಂತೆ ಬಾಗುತ್ತದೆ. ಇವೆಲ್ಲ ಸತ್ಯ, ಎರಡಡಿ ಅಗಲದ ಕಾಗದದ ಮೇಲೆ ಒಂದೇ ಉಸಿರಿಗೆ ಆಕಾಶ ತೊಳೆಯುವವರಿಗೆ ಮುಖ್ಯವಾದ ಸತ್ಯ. ಆದರೆ ನಾವು ಮಾತನಾಡುತ್ತಿರುವುದು ಪ್ರವಾಸದ ಕುಂಚವನ್ನು ಕುರಿತು. ಪ್ರವಾಸಿಯ ಪುಸ್ತಕ ಅಂಗೈಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಆಕಾಶವೆಂದರೆ ನಾಲ್ಕು ಬೆರಳಗಲ. ಅಷ್ಟಕ್ಕೆ ನೈಲಾನ್ ಕುಂಚ ಒಮ್ಮೆ ಹೆಚ್ಚಾಗಿ ಬಣ್ಣದ ಪೆಟ್ಟಿಗೆಗೆ ಹೋಗಿಬರಬೇಕಾಗಬಹುದು, ಅಷ್ಟೆ. ಬಾಗಿದ ತುದಿಯನ್ನು ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ ಬೆರಳಿನಿಂದ ತೀಡಿದರೆ ಬಹಳಮಟ್ಟಿಗೆ ನೆಟ್ಟಗಾಗುತ್ತದೆ. ಕೂದಲಿನ ಕುಂಚವಾದರೋ, ತೇವವಿರುವಾಗಲೇ ಮುಚ್ಚಿ ಚೀಲಕ್ಕೆ ಹಾಕಿದರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೆ ನುಸಿ ತಿನ್ನುತ್ತದೆ. ಅದಿರಲಿ, ಬಾರ್ಸಿಲೋನದ ಎಸ್ಕೋಡ, ನ್ಯೂರೆಂಬರ್ಗಿನ ಡಾ ವಿಂಚಿ ಮುಂತಾದ ಹೆಸರುವಾಸಿ ಕಂಪನಿಗಳೇ ತಮ್ಮ ಪ್ರವಾಸದ ಕುಂಚಗಳನ್ನು ಕೃತಕ ಎಳೆಗಳಲ್ಲಿಯೂ ಮಾಡಿ ಮಾರುತ್ತಿವೆ. ಎಳೆಗಳ ದಪ್ಪವನ್ನು ಬದಲಿಸಿ, ಅಲೆಅಲೆಯಾಗಿಸಿ, ಅಳಿಲಿನ ಕೂದಲಿನಂತೆ ನೀರು ಹಿಡಿಯುವ ಹಾಗೆ ಮಾಡುವ ವಿದ್ಯೆ ಈಗ ಕೈಗೆ ಬಂದಿದೆ. ಅಮೆರಿಕದಲ್ಲಿ 1935ರಲ್ಲಿ ಸಿದ್ಧವಾದ ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದೇ 1938ರಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಹಂದಿಯ ಕೂದಲನ್ನು ನಮ್ಮ ಬಾಯಿಂದ ಬಿಡಿಸಿದ ವಸ್ತು, ಮುಂಗುಸಿಯ ಕೂದಲನ್ನು ನಮ್ಮ ಕೈಯಿಂದ ಬಿಡಿಸಲಾರದೆ?

ಹಾಗಾದರೆ ಕೊಳ್ಳುವುದು ಹೇಗೆ? ಅಂಗಡಿಯವರನ್ನು ಒಂದು ಲೋಟ ನೀರು ಕೇಳಿ. ಹೊಸ ಕುಂಚದ ತುದಿಗೆ ಗಂಜಿಯಂಥ ಅಂಟು ಹಾಕಿ ಚೂಪು ಮಾಡಿರುತ್ತಾರೆ, ಅದನ್ನು ನಂಬಬಾರದು. ಅಂಟು ಬಿಡುವಂತೆ ತೊಳೆದು, ಒಮ್ಮೆ ಜೋರಾಗಿ ಒದರಿ. ಎಳೆಗಳು ತಾವಾಗಿ ಒಂದೇ ತುದಿಗೆ ಕೂಡಿದರೆ ಕುಂಚ ಒಳ್ಳೆಯದು. ಎರಡಾಗಿ ಸೀಳಿದರೆ ಅದು ಪುಕ್ಕಟೆ ಕೊಟ್ಟರೂ ಬೇಡ. ಅಂಗೈಯ ಮೇಲೆ ಬಾಗಿಸಿ ಬಿಡಿ: ಬಾಗಿದ್ದು ಮತ್ತೆ ನಿಲ್ಲಬೇಕು. ಎಳೆಗಳನ್ನು ಹಿಡಿಗೆ ಬಿಗಿದಿರುವ ಲೋಹದ ಬಳೆ ಅಲುಗಾಡಬಾರದು. ಅಂಕಿಯನ್ನು ನೋಡಿ ಮೋಸಹೋಗಬೇಡಿ. ಒಂದು ಕಂಪನಿಯ ಎಂಟು ಇನ್ನೊಂದರ ಆರಕ್ಕೆ ಸಮನಾಗಬಹುದು. ನನ್ನ ಮಟ್ಟಿಗೆ ಮೂರು ಕುಂಚ ಸಾಕು: ಹೊಟ್ಟೆ ತುಂಬಿಕೊಂಡು ತುದಿ ಮೊನಚಾದ, ಎಂಟರ ಆಸುಪಾಸಿನ ದುಂಡುಕುಂಚ ಒಂದು, ಗೋಡೆ, ನೀರು, ಆಕಾಶಕ್ಕೆ ಅರ್ಧ ಅಂಗುಲದ ಚಪ್ಪಟೆಕುಂಚ ಒಂದು, ಕೊಂಬೆ, ವಿದ್ಯುತ್ ತಂತಿಗಳಿಗೆ ಉದ್ದ ಎಳೆಯ ಸಪೂರ ಕುಂಚ ಒಂದು. ಹಿಡಿ ಉದ್ದವಾಯಿತೆಂದು ಬೇರೆ ಪ್ರವಾಸದ ಕುಂಚ ಹುಡುಕಬೇಕಾಗಿಲ್ಲ. ಗರಗಸದಿಂದ ಹಿಂಬದಿ ಕತ್ತರಿಸಿ, ಎಮರಿ ಕಾಗದದಲ್ಲಿ ಉಜ್ಜಿ, ಮರಕ್ಕೆ ನೀರಿಳಿಯದಂತೆ ಉಗುರುಬಣ್ಣ ಬಳಿದರೆ ಕಂಪಾಸ್ ಪೆಟ್ಟಿಗೆಯಲ್ಲಿ ಕೂರುತ್ತದೆ. ತುಂಡುಬಟ್ಟೆಯಲ್ಲಿ ಹೊಲಿದ ಸುರುಳಿಚೀಲ ಇನ್ನೂ ಉತ್ತಮ, ಗಾಳಿಯಾಡುತ್ತದೆ.

ಹಿಡಿಯಲ್ಲೇ ನೀರು ತುಂಬುವ ಪ್ಲಾಸ್ಟಿಕ್ ಕುಂಚದ ವಿಚಾರವನ್ನೂ ಕೇಳುವವರಿದ್ದಾರೆ. ಜಪಾನಿನ ಪೆಂಟೆಲ್, ಕುರೆತಾಕೆ ಕಂಪನಿಗಳು ಇವನ್ನು ಮಾಡುತ್ತವೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ನೀರಿನ ಲೋಟ ಇಡಲು ತಾವಿಲ್ಲದ ಕಡೆ ಅದು ಉಪಕಾರಿ. ಆದರೆ ಗಟ್ಟಿಯಾದ ಬಣ್ಣ ಬೇಕಾದ ಹೊತ್ತಿಗೇ ಅದು ನೀರು ಒಸರುತ್ತದೆ. ನೀರಿನ ಅಳತೆಯೇ ಜಲವರ್ಣದ ಅರ್ಧ ವಿದ್ಯೆಯಾಗಿರುವಾಗ, ಆ ಅಳತೆಯನ್ನು ಕೈ ಕಲಿಯಬೇಕೇ ಹೊರತು ಕೊಳವೆಯಲ್ಲ. ನಾಲ್ಕನೆಯದಾಗಿ ಇರಲಿ, ಮೊದಲನೆಯದಾಗಿ ಬೇಡ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಜಗಳವೇಕೆಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ಬೀದಿಯ ಒಬ್ಬ ಹುಡುಗ, ತಂದೆ ಪೀಣ್ಯದಲ್ಲಿ ಲೇತು ನಡೆಸುವವರು, ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಒಂದು ಭಾನುವಾರ ಹವ್ಯಾಸಿಗಳ ಗುಂಪಿನೊಡನೆ ಹೊರಗೆ ಹೋಗಿ ಬಂದವನು ಬಣ್ಣ ಮುಟ್ಟುವುದನ್ನೇ ನಿಲ್ಲಿಸಿದ. “ಯಾಕಪ್ಪ?” ಎಂದೆ. “ನಿನ್ನ ಬ್ರಷ್‌ನಲ್ಲಿ ವಾಟರ್‌ಕಲರ್ ಆಗಲ್ಲ, ಸೇಬಲ್ ತಗೊಂಡು ಬಾ ಅಂದ್ರು ಸಾರ್. ರೇಟು ನೋಡಿದೆ. ನಮ್ಮಪ್ಪಂಗೆ ಹೇಳೋಕಾಗಲ್ಲ” ಎಂದ. ಹೇಳಿದ ಮಹನೀಯರು ಕೆಟ್ಟವರಾಗಿರಲಾರರು. ತಮಗೆ ಯಾರೋ ಹೇಳಿದ್ದನ್ನು ದಾಟಿಸಿದರು. ಆದರೆ ಆ ಒಂದು ಮಾತು ಎರಡು ಕಡೆ ಕೊಯ್ಯಿತು: ಕಾಡಿನಲ್ಲಿ ಒಂದು ಪ್ರಾಣಿಯನ್ನು, ಊರಿನಲ್ಲಿ ಒಂದು ಕೈಯನ್ನು. ಹುಡುಗನ ಕುಂಚವನ್ನು ನಾನು ನೀರಿನಲ್ಲಿ ಅದ್ದಿ ನೋಡಿದೆ. ತುದಿ ಸೂಜಿಯಂತೆ ಕೂಡಿತು.

ನೈಲಾನ್ ಕಲ್ಲೆಣ್ಣೆಯ ಕೂಸಲ್ಲವೆ, ಮಣ್ಣಿನಲ್ಲಿ ಕರಗದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದ್ದರಿಂದಲೇ ಹತ್ತು ಕೊಳ್ಳಬೇಡಿ, ಮೂರು ಕೊಂಡು ವರ್ಷಗಟ್ಟಲೆ ಬಾಳಿಸಿ. ಅಗಲವಾದ ತೊಳೆತಕ್ಕೆ ಸಾಕುಪ್ರಾಣಿಯಾದ ಮೇಕೆಯ ಕೂದಲಿನ ಕುಂಚವೂ ಆಗುತ್ತದೆ ಎಂದು ನಾನು ಉತ್ತರಿಸುತ್ತೇನೆ. ಕಾಡುಪ್ರಾಣಿಯ ಬೇಟೆಗೆ ಆ ಆಕ್ಷೇಪ ಪರವಾನಗಿಯಾಗಲಾರದು.

ಪ್ರವಾಸದ ಜಲವರ್ಣಕ್ಕೆ ನಮ್ಮಲ್ಲಿ ದೊಡ್ಡ ಹಿರಿಯರಿದ್ದಾರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದು, 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರು ಉದಕಮಂಡಲ, ಕೊಡೈಕೆನಾಲುಗಳ ಮಂಜು ಮೋಡಗಳನ್ನು ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚೆನ್ನಬಸವಯ್ಯನವರು, 1910ರಿಂದ 1988ರವರೆಗೆ ಬಾಳಿದವರು, ಬೆಂಗಳೂರಿನ ಹೂಮರಗಳನ್ನು ಬಣ್ಣಗಳಲ್ಲಿ ಉಳಿಸಿಕೊಟ್ಟರು. ಆ ಚಿತ್ರಗಳ ಮುಂದೆ ನಿಂತವರು ಮರ ಯಾವುದು, ಮೋಡ ಎಲ್ಲಿಯದು ಎಂದು ಕೇಳುತ್ತಾರೆ. ಕುಂಚದ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಕಲಾಶಾಲೆಗಳ ಅಧ್ಯಾಪಕರೂ ಹವ್ಯಾಸಿ ಸಂಘಗಳ ಹಿರಿಯರೂ ಹೊಸಬರಿಗೆ ಇಷ್ಟನ್ನಾದರೂ ಹೇಳಬೇಕು. ಕುಂಚದ ತುದಿ ಕಪ್ಪುಗಂದಾಗಿ, ನಡುವೆ ಕೆನೆಬಣ್ಣದ ಪಟ್ಟಿಯಿದ್ದು, ಬುಡ ಮತ್ತೆ ಕಂದಾಗಿದ್ದರೆ ಅದು ಮುಂಗುಸಿಯ ಕೂದಲೆಂದು ಸಂಶಯಪಡಬೇಕು. ಇನ್ನು ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಎರಡೇ: ಇದರ ತುದಿ ಕೂಡುತ್ತದೆಯೆ? ಇದು ಯಾರ ಬಾಲ? ಮೊದಲನೆಯದಕ್ಕೆ ಲೋಟದ ನೀರು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಅಂಗಡಿಯವರು ಉತ್ತರ ಹೇಳದಿದ್ದರೆ, ಕುಂಚವನ್ನು ಅಲ್ಲಿಯೇ ಇಟ್ಟು ಬರುವುದು ಸಭ್ಯರ ಕರ್ತವ್ಯ.