ಸ್ವವಿವರ ಪತ್ರ ಮತ್ತು ಸಂದರ್ಶನ: ಬದಲಾದ ನೇಮಕಾತಿ ಪದ್ಧತಿಯಲ್ಲಿ ಮಂಗಳೂರಿನ ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

ಸರ್ಕಾರಿ, ಬ್ಯಾಂಕಿಂಗ್ ಹಾಗೂ ಖಾಸಗಿ ವಲಯದ ಉದ್ಯೋಗಗಳಿಗೆ ಅರ್ಜಿ ಸಲ್ಲಿಸುವ ಮಂಗಳೂರು ನಗರ ಮತ್ತು ಸುತ್ತಮುತ್ತಲಿನ ಅಭ್ಯರ್ಥಿಗಳ ತಿಳುವಳಿಕೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯು ಐದು ಪ್ರಮುಖ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಆರಂಭಗೊಂಡವು. ಹೀಗಾಗಿ ‘ಬ್ಯಾಂಕಿನ ಕೆಲಸ’ ಎಂಬುದು ಈ ಭಾಗದ ಮನೆಗಳಲ್ಲಿ ಬಹುಕಾಲ ಒಂದು ಗುರಿಯಾಗಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಇದಕ್ಕೂ ಮೊದಲೇ, 2011ರಿಂದ, ಸಾರ್ವಜನಿಕ ವಲಯದ ಬ್ಯಾಂಕುಗಳ ನೇಮಕಾತಿಯು ಐ.ಬಿ.ಪಿ.ಎಸ್. ಸಂಸ್ಥೆಯ ಸಾಮಾನ್ಯ ಪರೀಕ್ಷೆಗೆ ಒಳಪಟ್ಟಿತ್ತು. ಹಿರಿಯರು ಇಂದಿಗೂ ಮಕ್ಕಳಿಗೆ ಹೇಳುವ ‘ಒಳ್ಳೆಯ ಅರ್ಜಿ ಬರೆ, ಸಂದರ್ಶನದಲ್ಲಿ ಧೈರ್ಯವಾಗಿ ಮಾತನಾಡು’ ಎಂಬ ಬುದ್ಧಿಮಾತು ತಪ್ಪಲ್ಲವಾದರೂ, ಎಲ್ಲ ಹುದ್ದೆಗಳಿಗೂ ಅನ್ವಯಿಸುವುದಿಲ್ಲ.

ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹಾಗೂ ಪತ್ರಾಂಕಿತವಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಡಲಾಗಿದೆ. ರಾಜ್ಯದ ಪ್ರಥಮ ದರ್ಜೆ ಮತ್ತು ದ್ವಿತೀಯ ದರ್ಜೆ ಸಹಾಯಕರ ಆಯ್ಕೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಅಂಕಗಳೇ ಆಧಾರ. ಬ್ಯಾಂಕ್ ಗುಮಾಸ್ತ ಹುದ್ದೆಗಳಿಗೂ ಸಂದರ್ಶನವಿಲ್ಲ. ಪ್ರೊಬೇಷನರಿ ಅಧಿಕಾರಿಗಳ ಆಯ್ಕೆಯಲ್ಲಿ ಮಾತ್ರ ಮುಖ್ಯ ಪರೀಕ್ಷೆ ಮತ್ತು ಸಂದರ್ಶನಗಳಿಗೆ 80:20ರ ಪ್ರಮಾಣದಲ್ಲಿ ಮಹತ್ವ ನೀಡಲಾಗುತ್ತದೆ. ಸಂದರ್ಶನವಿಲ್ಲದ ಹುದ್ದೆಗಳಲ್ಲಿ ಪರೀಕ್ಷೆಯನ್ನು ಗೆದ್ದ ಅಭ್ಯರ್ಥಿಯು ಎಡವುವ ಸಂಭವವಿರುವುದು ದಾಖಲೆ ಪರಿಶೀಲನೆಯ ಹಂತದಲ್ಲಿ.

ಹೆಸರು ಮತ್ತು ದಾಖಲೆಗಳು

ಕರಾವಳಿಯ ಅಭ್ಯರ್ಥಿಗಳಿಗೆ ಹೆಸರಿನದೇ ಒಂದು ತೊಡಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು ಮತ್ತು ಇನಿಶಿಯಲ್ ಮಾತ್ರ ಇದ್ದು, ಪದವಿ ಪ್ರಮಾಣ ಪತ್ರದಲ್ಲಿ ಶೆಟ್ಟಿ, ಪೂಜಾರಿ ಎಂಬಂತಹ ಕುಲನಾಮ ಸೇರಿರುತ್ತದೆ. ಡಿಸೋಜ ಎಂಬ ಹೆಸರನ್ನು ಆಂಗ್ಲ ಲಿಪಿಯಲ್ಲಿ ಒಂದು ದಾಖಲೆಯಲ್ಲಿ ಬಿಡಿಸಿ, ಮತ್ತೊಂದರಲ್ಲಿ ಕೂಡಿಸಿ ಬರೆಯಲಾಗಿರುತ್ತದೆ. ವಿವಾಹದ ನಂತರ ಮಹಿಳೆಯರ ಆಧಾರ್ ಚೀಟಿಯಲ್ಲಿ ಬೇರೆಯೇ ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಸ್ವವಿವರ ಪತ್ರದಲ್ಲಿಯೂ ಅರ್ಜಿಯಲ್ಲಿಯೂ ಬಳಸುವುದು ಸೂಕ್ತ. ವ್ಯತ್ಯಾಸವನ್ನು ಸರಿಪಡಿಸಲು ಅಧಿಸೂಚನೆ ಹೊರಡುವವರೆಗೆ ಕಾಯಬಾರದು. ಊರಿನ ಹೆಸರಿನ ಕಾಗುಣಿತವು 2014ರ ನವೆಂಬರ್ 1ರಿಂದ ಬದಲಾಗಿರುವ ಕಾರಣ, ಹಳೆಯ ದಾಖಲೆಗಳಲ್ಲಿ ಹಳೆಯ ಕಾಗುಣಿತ ಇರುವುದು ಸಹಜವಾಗಿದ್ದು, ಅದರ ಬಗ್ಗೆ ಆತಂಕಪಡುವ ಅಗತ್ಯವಿಲ್ಲ.

ರಾಜ್ಯ ಸರ್ಕಾರದ ಹುದ್ದೆಗಳಿಗೆ ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೋರುವವರು ಸಂಬಂಧಪಟ್ಟ ನಮೂನೆಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ಮುಂಚಿತವಾಗಿಯೇ ಪಡೆದಿರತಕ್ಕದ್ದು. ಗ್ರಾಮೀಣ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಬೇಕಾಗುತ್ತದೆ. ಮುಚ್ಚಿಹೋದ ಅಥವಾ ವಿಲೀನಗೊಂಡ ಶಾಲೆಯಲ್ಲಿ ಓದಿದವರಿಗೆ ಈ ಒಂದು ಸಹಿಗಾಗಿ ವಾರಗಳೇ ಹಿಡಿಯಬಹುದು.

ಸ್ವವಿವರ ಪತ್ರದಲ್ಲಿ ಬಿಟ್ಟುಹೋಗುವ ಸಂಗತಿ

ಜನಬಳಕೆಯಲ್ಲಿ ಬಯೋಡೇಟಾ ಎನ್ನಲಾಗುವ ಸ್ವವಿವರ ಪತ್ರಕ್ಕೆ ನಿಜವಾದ ಬೆಲೆ ಇರುವುದು ಖಾಸಗಿ ವಲಯದಲ್ಲಿ. ಆಸ್ಪತ್ರೆ, ವಿಮೆ, ಹೋಟೆಲ್, ಮಾಹಿತಿ ತಂತ್ರಜ್ಞಾನ, ಬಂದರು ಸಂಬಂಧಿತ ಸಾಗಣೆ ಸಂಸ್ಥೆಗಳು ಇದನ್ನು ನೋಡಿಯೇ ಅಭ್ಯರ್ಥಿಗಳನ್ನು ಕರೆಯುತ್ತವೆ. ಇಲ್ಲಿ ಮಂಗಳೂರಿನವರು ತಮ್ಮ ಬಹುದೊಡ್ಡ ಅರ್ಹತೆಯೊಂದನ್ನು ತಾವೇ ಅಳಿಸಿಹಾಕುತ್ತಾರೆ. ಉಳ್ಳಾಲದ ಒಬ್ಬ ಅಭ್ಯರ್ಥಿಯು ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಯಾಚೆಯ ನೆಂಟರೊಡನೆ ಮಲಯಾಳ ಮಾತನಾಡುತ್ತಾರೆ. ಆದರೆ ಭಾಷೆಗಳ ಅಂಕಣದಲ್ಲಿ ಕಾಣುವುದು ಕನ್ನಡ, ಹಿಂದಿ, ಇಂಗ್ಲಿಷ್ ಮಾತ್ರ. ಶಾಲೆಯಲ್ಲಿ ಕಲಿಯದ ಭಾಷೆಯು ಅರ್ಹತೆಯಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು.

ಈ ಭಾವನೆ ಸರಿಯಲ್ಲ. ಕಾಸರಗೋಡಿನ ಜನರು ಚಿಕಿತ್ಸೆಗಾಗಿ ಮಂಗಳೂರನ್ನು ಎಷ್ಟು ಅವಲಂಬಿಸಿದ್ದಾರೆಂಬುದು 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ವಿಷಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಇಡೀ ದೇಶಕ್ಕೆ ತಿಳಿಯಿತು. ಅಂತಹ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ರೋಗಿಯ ಭಾಷೆ ಬಲ್ಲವರು ಬೇಕಾಗುತ್ತಾರೆ. ಆದುದರಿಂದ ತುಳು, ಕೊಂಕಣಿ, ಬ್ಯಾರಿ, ಮಲಯಾಳಗಳನ್ನು ಸಂಕೋಚವಿಲ್ಲದೆ ನಮೂದಿಸಬೇಕು. ಮಾತನಾಡಲು ಮಾತ್ರ ಬರುವುದೋ, ಓದಲು ಬರೆಯಲು ಸಹ ಬರುವುದೋ ಎಂಬುದನ್ನು ಸ್ಪಷ್ಟಪಡಿಸಬೇಕು. ಸಂದರ್ಶಕರು ಒಮ್ಮೆಲೇ ಆ ಭಾಷೆಗೆ ಹೊರಳುವ ಸಾಧ್ಯತೆಯೂ ಇದೆ. ಬ್ಯಾಂಕ್ ಗುಮಾಸ್ತ ಹುದ್ದೆಗೆ ಮಾತ್ರ ರಾಜ್ಯದ ಆಡಳಿತ ಭಾಷೆಯಾದ ಕನ್ನಡವನ್ನು ಓದಲು, ಬರೆಯಲು, ಮಾತನಾಡಲು ತಿಳಿದಿರುವುದು ಅವಶ್ಯ. ತುಳು ಬಲ್ಲೆನೆಂಬುದು ಅದಕ್ಕೆ ಬದಲಿಯಾಗದು.

ಅನುಭವದ ವಿಷಯದಲ್ಲಿ ಎಚ್ಚರ ಅಗತ್ಯ. 2024ರ ಜನವರಿ 12ರಂದು ಚಾಲನೆಗೊಂಡ ಯುವನಿಧಿ ಯೋಜನೆಯಡಿ ಅರ್ಹ ಪದವೀಧರರಿಗೆ ಮಾಸಿಕ ರೂ. 3,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 1,500 ಭತ್ಯೆಯನ್ನು ಗರಿಷ್ಠ ಎರಡು ವರ್ಷಗಳವರೆಗೆ ನಿಗದಿಪಡಿಸಲಾಗಿದ್ದು, ಫಲಾನುಭವಿಯು ನಿರುದ್ಯೋಗಿಯೆಂದು ಸ್ವಯಂ ಘೋಷಣೆ ನೀಡಬೇಕಾಗುತ್ತದೆ. ಅದೇ ತಿಂಗಳುಗಳಲ್ಲಿ ತಾವು ಸಂಸ್ಥೆಯೊಂದರಲ್ಲಿ ದುಡಿದಿರುವುದಾಗಿ ಸ್ವವಿವರ ಪತ್ರದಲ್ಲಿ ಬರೆದರೆ, ಎರಡರಲ್ಲಿ ಒಂದು ಸುಳ್ಳೆಂದಾಗುತ್ತದೆ. ಭವಿಷ್ಯ ನಿಧಿ ಖಾತೆಯ ವಿವರಗಳಿಂದ ಹಿಂದಿನ ಸೇವಾವಧಿಯನ್ನು ತಾಳೆ ನೋಡುವ ಉದ್ಯೋಗದಾತರೂ ಇದ್ದಾರೆ. ಕೆಲಸವಿಲ್ಲದ ಅವಧಿಯನ್ನು ಮುಚ್ಚಿಡಲು ಯಾರಿಂದಲೋ ಅನುಭವ ಪತ್ರ ಕೊಳ್ಳುವುದಕ್ಕಿಂತ, ಆ ಅವಧಿಯಲ್ಲಿ ಮನೆಯ ಅಂಗಡಿ ನೋಡಿಕೊಂಡೆ, ಪರೀಕ್ಷೆಗೆ ಓದಿದೆ, ತಾಯಿಯ ಆರೈಕೆ ಮಾಡಿದೆ ಎಂದು ಇದ್ದುದನ್ನು ಇದ್ದಂತೆ ಹೇಳುವುದು ಲೇಸು. ಅಂಗಡಿಯ ಲೆಕ್ಕ ಬರೆದುದೂ ಅನುಭವವೇ.

ಸಂದರ್ಶನಕ್ಕೆ ಹೋಗುವವರು ತಮ್ಮ ಸ್ವವಿವರ ಪತ್ರದ ಪ್ರತಿಯೊಂದು ಸಾಲಿಗೂ ಒಂದು ನಿದರ್ಶನ ಸಿದ್ಧವಿಟ್ಟುಕೊಂಡರೆ ಅರ್ಧ ತಯಾರಿ ಮುಗಿದಂತೆ. ಕಂಠಪಾಠ ಮಾಡಿದ ಇಂಗ್ಲಿಷ್ ಪರಿಚಯವು ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ. ಪ್ರಶ್ನೆ ಅರ್ಥವಾಗದಿದ್ದಲ್ಲಿ ಮತ್ತೊಮ್ಮೆ ಕೇಳುವಂತೆ ವಿನಂತಿಸುವುದರಲ್ಲಿ ತಪ್ಪಿಲ್ಲ.

ವಿದೇಶಿ ಉದ್ಯೋಗದ ಸಂದರ್ಶನಗಳು

ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಅರಸುವವರು ಈ ಜಿಲ್ಲೆಯಲ್ಲಿ ಅಧಿಕವಾಗಿರುವುದರಿಂದ ಈ ಅಂಶವನ್ನು ಪ್ರತ್ಯೇಕವಾಗಿ ತಿಳಿಸಲಾಗಿದೆ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರತಕ್ಕದ್ದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ ರೂ. 30,000 ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ, ಲಕ್ಷಗಟ್ಟಲೆ ಕೇಳಿದಲ್ಲಿ ಅದು ಅಕ್ರಮ. ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿದ ನಂತರವೇ ಸಂದರ್ಶನಕ್ಕೆ ಹಾಜರಾಗುವುದು. ಪಾಸ್‌ಪೋರ್ಟ್ ಹಾಗೂ ಮೂಲ ಅಂಕಪಟ್ಟಿಗಳನ್ನು ಸಂದರ್ಶನದ ನೆಪದಲ್ಲಿ ಯಾರ ಬಳಿಯೂ ಬಿಟ್ಟುಬರಬಾರದು. ಆನ್‌ಲೈನ್ ಮೂಲಕ ಹಣ ಪಾವತಿಸಿ ಮೋಸಹೋದವರು ವಿಳಂಬ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.